ಓಟಿಪಿ ಯಾರ ಮೊಬೈಲಿಗೆ ಹೋಗುತ್ತದೆ: ಶಿರಸಿ ಸೀಮೆಯ ಒಂದು ರೈತ ಕಂಪನಿಯ ಪ್ರಕರಣ

ಆ ಕಂಪನಿಗೆ ಹತ್ತು ನಿರ್ದೇಶಕರು. ಒಂಬತ್ತು ಗಂಡಸರು, ಒಬ್ಬರು ಹೆಂಗಸು. ಒಂಬತ್ತೂ ಜನರ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಯಾರ ಮನೆಯಲ್ಲಿ ಎಷ್ಟು ಅಡಿಕೆ ಆಗುತ್ತದೆ, ಯಾರ ಮಗ ಬೆಂಗಳೂರಲ್ಲಿದ್ದಾನೆ, ಯಾರು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದಿಲ್ಲ ಎಂಬುದೂ ಗೊತ್ತಿತ್ತು. ಹತ್ತನೆಯವರನ್ನು ಮಾತ್ರ ಎರಡು ವರ್ಷ ನಾನು ನೋಡಿಯೇ ಇರಲಿಲ್ಲ. ಅವರ ಹೆಸರಲ್ಲಿ ಫಾರ್ಮು ತುಂಬಿದ್ದೆ. ಅವರು ಸಭೆಗೆ ಬಂದಿದ್ದರು ಎಂದು ನಡಾವಳಿ ಪುಸ್ತಕದಲ್ಲಿದ್ದ ಸಹಿಯನ್ನು ನಂಬಿ ವರದಿ ಕಳಿಸಿದ್ದೆ. ಆ ಪುಸ್ತಕ ಅವರ ಮನೆಗೆ ಹೋಗಿ ಸಹಿ ಮಾಡಿಸಿಕೊಂಡು ಬರುತ್ತಿತ್ತು ಎಂದು ಗೊತ್ತಾದದ್ದು ಆಮೇಲೆ.

ನಾನು ಶಿರಸಿಯಲ್ಲಿ ಸಣ್ಣ ಕಂಪನಿಗಳ, ಸಂಘಗಳ ಲೆಕ್ಕಪತ್ರ ಮತ್ತು ಸರ್ಕಾರಕ್ಕೆ ಹೋಗುವ ಕಾಗದಪತ್ರ ನೋಡಿಕೊಳ್ಳುತ್ತೇನೆ. ನಾನೂ ಹೆಂಗಸೇ. ಆದರೂ ಈ ಹತ್ತನೆಯವರು ಎಲ್ಲಿದ್ದಾರೆ ಎಂದು ಕೇಳಬೇಕು ಅಂತ ನನಗೆ ಅನ್ನಿಸಲಿಲ್ಲ. ಫಾರ್ಮಿನಲ್ಲಿ ಜಾಗ ತುಂಬಿತ್ತು, ಅಷ್ಟೇ ನೋಡಿದೆ. ಈ ಪ್ರಕರಣ ಬರೆಯುವಾಗ ಮೊದಲು ಹೇಳಬೇಕಾದದ್ದು ಅದೇ. ಕಂಪನಿಯ ಹೆಸರು, ಊರು, ಜನರ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ಅವರನ್ನು ಇಲ್ಲಿ ಅಕ್ಕ ಎನ್ನುತ್ತೇನೆ. ನಾನು ಅವರನ್ನು ಕರೆಯುವುದೂ ಹಾಗೇ.

ವಿಷಯ ಬಯಲಾದದ್ದು ಒಂದು ಓಟಿಪಿಯಿಂದ. ನಿರ್ದೇಶಕರಾದವರು ತಮ್ಮ ಮೊಬೈಲ್ ನಂಬರ್, ಇಮೇಲ್, ವಿಳಾಸ ಸರಿ ಇದೆ ಎಂದು ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ತಿಳಿಸಬೇಕು. ಆಗ ಅದು ವರ್ಷಕ್ಕೊಮ್ಮೆ ಆಗಬೇಕಾದ ಕೆಲಸ, ಸೆಪ್ಟೆಂಬರ್ 30 ಕೊನೆಯ ದಿನ, ತಪ್ಪಿದರೆ 5000 ರೂಪಾಯಿ ಕಟ್ಟಬೇಕು. ಅಕ್ಕನ ಹೆಸರಿನ ಮುಂದಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಗಂಡಸು. ‘ಅವಳ ಹತ್ರ ಎಂತಕ್ಕೆ? ನಂಬರ್ ಬಂದಿದೆ, ನಾನೇ ಹೇಳ್ತೇನೆ ಬರ್ಕೊಳ್ಳಿ’ ಎಂದರು. ಬರೆದುಕೊಂಡೆ. ಕೆಲಸ ಮುಗಿಯಿತು. ಫೋನ್ ಇಟ್ಟ ಮೇಲೆ ಕಂಪನಿಯ ಫೈಲು ತೆಗೆದು ನೋಡಿದೆ. ಮೊಬೈಲ್ ಗಂಡನದು, ಇಮೇಲ್ ಅವರ ಅಣ್ಣನ ಮಗನದು. ಡಿಜಿಟಲ್ ಸಹಿಯ ಪೆನ್‌ಡ್ರೈವ್ ನನ್ನ ಕಪಾಟಿನಲ್ಲೇ ಇತ್ತು, ಮೇಲೆ ಅಕ್ಕನ ಹೆಸರು ಬರೆದ ಚೀಟಿ ಅಂಟಿಸಿಕೊಂಡು. ಆ ಸಹಿ ಮಾಡಿಸುವಾಗ ಮೊಬೈಲಿನ ಎದುರು ಕೂತು ತನ್ನ ಹೆಸರು ಹೇಳಬೇಕಾಗುತ್ತದೆ, ವಿಡಿಯೋ ತೆಗೆಯುತ್ತಾರೆ. ನಿರ್ದೇಶಕಿಯಾಗಿ ಅಕ್ಕ ಸ್ವತಃ ಮಾಡಿದ್ದು ಅದೊಂದೇ ಕೆಲಸ.

ಕುರ್ಚಿ ಹೇಗೆ ಬಂತು

ರೈತ ಉತ್ಪಾದಕ ಕಂಪನಿ ಎಂಬುದು ನಮ್ಮಲ್ಲಿ ಹೊಸದಲ್ಲ. 2002ರ ತಿದ್ದುಪಡಿಯಲ್ಲೇ ಕಂಪನಿ ಕಾಯ್ದೆಗೆ ಅದರ ಅಧ್ಯಾಯ ಸೇರಿತು. ಸಹಕಾರಿ ಸಂಘದ ಗುಣ, ಕಂಪನಿಯ ರೂಪ. ಎಷ್ಟೇ ಷೇರಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ. ಕನಿಷ್ಠ 5, ಹೆಚ್ಚೆಂದರೆ 15 ನಿರ್ದೇಶಕರು. 2020ರಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆ ಕಟ್ಟುವ ಯೋಜನೆ ತಂದ ಮೇಲೆ ಘಟ್ಟದ ಮೇಲೂ ಕೆಳಗೂ ಇವು ಜಾಸ್ತಿಯಾದವು. ನಾನು ಹೇಳುತ್ತಿರುವ ಕಂಪನಿಯೂ ಆ ಯೋಜನೆಯಲ್ಲೇ ಹುಟ್ಟಿದ್ದು. ಮುರುಗಲು ಎಂಬ ಹುಳಿಹಣ್ಣು (ಕೋಕಂ), ಅದೇ ಜಾತಿಯ ಉಪ್ಪಾಗೆ, ಕಾಳುಮೆಣಸು, ಹಲಸಿನ ಹಪ್ಪಳ, ಅಪ್ಪೆಮಿಡಿ ಇವರ ವ್ಯವಹಾರ. ಸದಸ್ಯರು ನಾನೂರು ಚಿಲ್ಲರೆ.

ಆ ಯೋಜನೆಯ ಮಾರ್ಗಸೂಚಿಯಲ್ಲಿ ಒಂದು ಸಾಲಿದೆ. ನಿರ್ದೇಶಕರ ಮಂಡಳಿಯಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಬೇಕು. ಕಂಪನಿ ಕಾಯ್ದೆಯ ಮಹಿಳಾ ನಿರ್ದೇಶಕಿಯ ನಿಯಮ ಇವರಿಗೆ ತಾಗುವುದಿಲ್ಲ. ಅದು ಷೇರು ಮಾರುಕಟ್ಟೆಯಲ್ಲಿರುವ ಕಂಪನಿಗಳಿಗೆ, ಮತ್ತು 100 ಕೋಟಿ ರೂಪಾಯಿ ಬಂಡವಾಳ ಅಥವಾ 300 ಕೋಟಿ ವಹಿವಾಟು ಮುಟ್ಟಿದ ಪಬ್ಲಿಕ್ ಕಂಪನಿಗಳಿಗೆ. ನಮ್ಮ ಮುರುಗಲ ಕಂಪನಿ ಅಷ್ಟು ದೊಡ್ಡದಾಗುವ ಮಾತಿಲ್ಲ. ಅನುದಾನ ಬೇಕು, ಅನುದಾನಕ್ಕೆ ಒಬ್ಬ ಮಹಿಳೆ ಬೇಕು. ನೋಂದಣಿಯ ಮುಂಚಿನ ಸಭೆಯಲ್ಲಿ ‘ಯಾರ ಮನೆಯವರ ಹೆಸರು ಹಾಕೋಣ’ ಎಂಬ ಪ್ರಶ್ನೆ ಬಂತಂತೆ. ಯಾರನ್ನು ಆರಿಸೋಣ ಎಂದಲ್ಲ, ಯಾರ ಮನೆಯವರು ಎಂದು. ಓಡಾಟಕ್ಕೆ ಮುಂದಿದ್ದವರೊಬ್ಬರು ತಮ್ಮ ಹೆಂಡತಿಯ ಆಧಾರ್ ಕೊಟ್ಟರು. ಅಕ್ಕನ ಹೆಸರಲ್ಲಿ ತವರಿನಿಂದ ಬಂದ ಒಂದು ತುಂಡು ತೋಟದ ಪಹಣಿ ಇತ್ತು. ಸದಸ್ಯತ್ವಕ್ಕೆ ಅದು ಸಾಕಾಯಿತು.

ಇದನ್ನು ಹಳ್ಳಿಯ ಬುದ್ಧಿ ಎಂದು ತಳ್ಳಿಹಾಕುವುದು ಸರಿಯಲ್ಲ. ದೇಶದ ದೊಡ್ಡ ಕಂಪನಿಗಳು ಮಾಡಿದ್ದೂ ಇದನ್ನೇ. ಮಂಡಳಿಯಲ್ಲಿ ಒಬ್ಬ ಮಹಿಳೆ ಇರಲೇಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳಿತು. ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿ ಮೊದಲು 2014ರ ಅಕ್ಟೋಬರ್ 1ರ ಗಡುವು ಕೊಟ್ಟು, ಅದನ್ನು 2015ರ ಏಪ್ರಿಲ್ 1ಕ್ಕೆ ಮುಂದೂಡಿತು. ತಪ್ಪಿದವರಿಗೆ ದಂಡ 50,000 ರೂಪಾಯಿಯಿಂದ ಶುರು ಎಂದಿತು. ಗಡುವು ಹತ್ತಿರ ಬಂದಂತೆ ಎಷ್ಟೋ ಮಾಲೀಕರು ತಮ್ಮ ಹೆಂಡತಿ, ಮಗಳು, ಅತ್ತಿಗೆಯನ್ನೇ ತಂದು ಕೂರಿಸಿದರು. ಹಾಗೆ ಬಂದವರಲ್ಲಿ ಕೆಲಸ ಬಲ್ಲವರೂ ಇದ್ದರು, ಅದು ಬೇರೆ ಮಾತು. ಆದರೆ ಲೆಕ್ಕ ಕೇಳಬೇಕಾದವರು ಮಾಲೀಕರ ಮನೆಯವರೇ ಆದರೆ ಕೇಳುವುದು ಯಾರು? ಸೆಬಿ ನೇಮಿಸಿದ ಉದಯ್ ಕೋಟಕ್ ಸಮಿತಿ 2017ರಲ್ಲಿ ಈ ಲೋಪ ಮುಚ್ಚಲು ಹೇಳಿತು. ಅದರಂತೆ 2019ರ ಏಪ್ರಿಲ್‌ನಿಂದ ಷೇರು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 500 ಕಂಪನಿಗಳಲ್ಲಿ, 2020ರ ಏಪ್ರಿಲ್‌ನಿಂದ ಮೊದಲ 1000 ಕಂಪನಿಗಳಲ್ಲಿ ಕನಿಷ್ಠ ಒಬ್ಬ ಸ್ವತಂತ್ರ ಮಹಿಳಾ ನಿರ್ದೇಶಕಿ ಕಡ್ಡಾಯವಾಯಿತು. ಸ್ವತಂತ್ರ ಎಂದರೆ ಮಾಲೀಕರ ನೆಂಟರಾಗಿರಬಾರದು.

ನಮ್ಮ ಕಂಪನಿಗೆ ಆ ಸ್ವತಂತ್ರ ಎಂಬ ಮಾತು ಅನ್ವಯಿಸುವುದಿಲ್ಲ. ಇಲ್ಲಿ ಎಲ್ಲರೂ ಸದಸ್ಯರೇ, ಹುಡುಕಿದರೆ ಎಲ್ಲರೂ ಒಂದು ರೀತಿಯಲ್ಲಿ ನೆಂಟರೇ.

ಮೂರು ದಿನ ತಡವಾದ ಸಹಿ

ಎರಡನೇ ವರ್ಷದ ಕೊನೆಗೆ ಕಂಪನಿ ಒಂದು ದೊಡ್ಡ ಡ್ರೈಯರ್ ಕೊಳ್ಳಲು ಸಾಲ ಕೇಳಿತು. ಬ್ಯಾಂಕಿನವರು ಎಲ್ಲ ನಿರ್ದೇಶಕರ ವೈಯಕ್ತಿಕ ಜಾಮೀನು ಬೇಕು, ಹತ್ತೂ ಜನ ಶಾಖೆಗೆ ಬಂದು ಕಣ್ಣೆದುರೇ ಸಹಿ ಹಾಕಬೇಕು ಎಂದರು. ಪುಸ್ತಕವನ್ನು ಮನೆಗೆ ಕಳಿಸುವ ದಾರಿ ಈ ಸಲ ಇರಲಿಲ್ಲ. ಹಾಗಾಗಿ ಅಕ್ಕ ಮೊದಲ ಬಾರಿಗೆ ಶಿರಸಿಗೆ ಬಂದರು. ಒಂದೂವರೆ ತಾಸು ಬಸ್ಸಿನಲ್ಲಿ, ಗಂಡನ ಜೊತೆ. ಬ್ಯಾಂಕಿಗೆ ಹೋಗುವ ಮೊದಲು ನನ್ನ ಆಫೀಸಿನಲ್ಲಿ ಕಾಗದ ಜೋಡಿಸುತ್ತಿದ್ದೆ. ಸಹಿ ಎಲ್ಲೆಲ್ಲಿ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಕೊಟ್ಟೆ. ಅಕ್ಕ ಪೆನ್ನು ತೆಗೆದುಕೊಳ್ಳಲಿಲ್ಲ.

‘ತಂಗೀ, ಇದು ಎಂತಕ್ಕೆ?’

ಸಾಲದ ಜಾಮೀನು ಎಂದೆ.

‘ಕಂಪನಿ ಕಟ್ಟದೇ ಹೋದ್ರೆ ನನ್ನ ಹೆಸರಿಗೆ ಬರ್ತದ?’

ಬರುತ್ತದೆ ಎಂದೆ. ಪಕ್ಕದಲ್ಲಿದ್ದ ಗಂಡ ‘ಎಲ್ಲರೂ ಹಾಕಿದ್ದಾರಲ್ಲೇ’ ಎಂದರು. ಅಕ್ಕ ಅವರಿಗೆ ಉತ್ತರ ಕೊಡಲಿಲ್ಲ. ನನ್ನನ್ನೇ ನೋಡುತ್ತ, ಯಾವ ಯಂತ್ರ, ಎಷ್ಟು ದೊಡ್ಡದು, ಎಲ್ಲಿ ಇಡುತ್ತಾರೆ ಎಂದು ಕೇಳಿದರು. ನನ್ನ ಹತ್ತಿರ ಕೊಟೇಶನ್ ಇತ್ತು, ಇಂಗ್ಲಿಷಿನಲ್ಲಿ. ಓದಿ ಹೇಳಿದೆ. ಶಿರಸಿಯ ಗೋದಾಮಿನಲ್ಲಿ ಇಡುವುದು, ಒಂದು ಸಲ ತುಂಬಲು ಒಂದು ಲಾರಿ ಹಣ್ಣು ಬೇಕು. ಅಕ್ಕ ಕಾಗದವನ್ನೆಲ್ಲ ಮಡಚಿ ಚೀಲಕ್ಕೆ ಹಾಕಿಕೊಂಡರು. ‘ಮನೇಲಿ ಕೂತು ಓದಿ ನೋಡ್ತೆ. ಆಮೇಲೆ ಹಾಕುದು’ ಎಂದರು. ಆ ದಿನ ನನ್ನ ಆಫೀಸಿನಲ್ಲಿ ಆದ ಗಲಾಟೆ ಇಲ್ಲಿ ಬರೆಯುವುದಿಲ್ಲ. ಅಧ್ಯಕ್ಷರು ಫೋನಿನಲ್ಲಿ ‘ಒಂದು ಸಹಿಗೆ ಮೂರು ದಿನ ಬೇಕಾ’ ಎಂದು ಕೇಳಿದ್ದು ನನ್ನನ್ನು. ಅಕ್ಕನನ್ನಲ್ಲ. ಅವರ ನಂಬರು ಅಧ್ಯಕ್ಷರ ಹತ್ತಿರ ಇರಲಿಲ್ಲ.

ಕಾನೂನು ಇಲ್ಲಿ ಅಕ್ಕನ ಪರವಾಗಿಯೇ ಇದೆ. ಕಂಪನಿ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ನಿರ್ದೇಶಕರು ಎಚ್ಚರಿಕೆಯಿಂದ, ಸ್ವಂತ ತೀರ್ಮಾನದಿಂದ ಕೆಲಸ ಮಾಡಬೇಕು. ಈ ಹೊಣೆ ತಪ್ಪಿದವರಿಗೆ 1 ಲಕ್ಷದಿಂದ 5 ಲಕ್ಷ ರೂಪಾಯಿಯವರೆಗೆ ದಂಡ. ಗಂಡ ಹೇಳಿದ್ದಕ್ಕೆ ಹಾಕಿದೆ ಎಂದರೆ ಆ ಹೊಣೆ ಹೋಗುವುದಿಲ್ಲ. ಮನೆಯವರ ಹೆಸರು ಸುಮ್ನೆ ಹಾಕಿದ್ದು ಎನ್ನುವ ಗಂಡಸರಿಗೆ ನಾನು ಈಗ ಮೊದಲು ತೋರಿಸುವುದು ಈ ಸೆಕ್ಷನ್. ಹೆಂಡತಿಯನ್ನು ಅವರು ಎಂಥ ಜಾಗದಲ್ಲಿ ಕೂರಿಸಿದ್ದಾರೆ ಎಂದು ಅವರಿಗೂ ಗೊತ್ತಿರುವುದಿಲ್ಲ.

ನಾಲ್ಕನೇ ದಿನ ಮಂಡಳಿ ಸೇರಿತು. ನಡಾವಳಿ ಬರೆಯಲು ನಾನಿದ್ದೆ. ಅಕ್ಕ ಒಂದು ಸ್ಟೀಲಿನ ಡಬ್ಬಿ ತಂದಿದ್ದರು. ಎರಡು ಬಟ್ಟಲಿನ ಊಟದ ಡಬ್ಬಿ. ಮೇಲಿನ ಬಟ್ಟಲಲ್ಲಿ ಬಿಸಿಲಲ್ಲಿ ಒಣಗಿದ ಮುರುಗಲ ಸಿಪ್ಪೆ, ಕಡುಗೆಂಪು, ಮೆತ್ತಗೆ, ಉಪ್ಪಿನ ಹೊಳಪು. ಕೆಳಗಿನದರಲ್ಲಿ ಮಳೆ ಹಿಡಿದ ಮೇಲೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ್ದು. ಕಪ್ಪು, ಒರಟು. ‘ಮೂಸಿ ನೋಡಿ’ ಎಂದು ಅಧ್ಯಕ್ಷರ ಕಡೆ ದೂಡಿದರು. ಹೊಗೆ ವಾಸನೆ ಮೇಜಿನ ಈಚೆ ಕೂತ ನನಗೂ ಬಂತು. ಡಬ್ಬಿ ಒಬ್ಬರಿಂದ ಒಬ್ಬರಿಗೆ ಹೋಯಿತು. ಇಷ್ಟು ವರ್ಷ ಮುರುಗಲು ಮಾರಿದವರಲ್ಲಿ ಇಬ್ಬರು ಅದನ್ನು ಮೂಗಿನ ಹತ್ತಿರ ಹಿಡಿದದ್ದು ಅವತ್ತೇ ಮೊದಲು ಇರಬೇಕು. ಹಿಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಅಕ್ಕ ಹೇಳಿದ್ದು ಇಷ್ಟು. ಮುರುಗಲು ಒಂದೇ ದಿನ ಲಾರಿ ತುಂಬ ಬರುವ ಬೆಳೆ ಅಲ್ಲ. ಬೆಟ್ಟದಲ್ಲಿ ದಿನಕ್ಕೆ ಒಂದು ಬುಟ್ಟಿ, ಎರಡು ಬುಟ್ಟಿ ಸಿಗುತ್ತದೆ. ಮೇ ತಿಂಗಳಿಡೀ ಹಾಗೇ. ಹಣ್ಣು ಒಡೆದು ಬೀಜ ತೆಗೆಯಬೇಕು, ಸಿಪ್ಪೆಯನ್ನು ಅದರದೇ ರಸಕ್ಕೆ ಅದ್ದಿ ಒಣಗಿಸಬೇಕು, ಮತ್ತೆ ಅದ್ದಬೇಕು. ಹಣ್ಣನ್ನು ಎರಡು ದಿನ ಇಟ್ಟರೆ ಮೆತ್ತಗಾಗಿ ಹುಳಿ ವಾಸನೆ ಹಿಡಿಯುತ್ತದೆ. ನಮ್ಮೂರಲ್ಲಿ ಮನೆಯಿಂದ ಮನೆಗೆ ಮೈಲಿ ದೂರ. ಶಿರಸಿಗೆ ಲಾರಿ ತುಂಬುವವರೆಗೆ ಕಾದರೆ ಕೈಗೆ ಬರುವುದು ಕೊಳೆತ ಹಣ್ಣು. ಉಪ್ಪಾಗೆ ಅಂತೂ ಜೂನ್ ಕಳೆದ ಮೇಲೆ, ಸುರಿಯುವ ಮಳೆಯಲ್ಲಿ ಬರುವುದು. ದೊಡ್ಡ ಯಂತ್ರ ಬೇಡ, ಊರಿನ ಹತ್ತಿರ ಸಣ್ಣವು ಬೇಕು. ಕಡಿಮೆ ಕಟ್ಟಿಗೆಯಲ್ಲಿ ನಡೆಯುವಂಥವು, ಯಾಕೆಂದರೆ ಜೂನ್‌ನಲ್ಲಿ ಕರೆಂಟು ಇರುವುದಿಲ್ಲ.

ಒಂದೇ ಸಭೆಯಲ್ಲಿ ಎಲ್ಲ ಬದಲಾಯಿತು ಎಂದಲ್ಲ. ಆ ದಿನ ಠರಾವು ಮುಂದೂಡಿದರು, ಅಷ್ಟೇ. ಒಬ್ಬರು ‘ಅಡುಗೆಮನೆ ವಿಷಯ ಇಲ್ಲಿ ಎಂತಕ್ಕೆ’ ಎಂದೂ ಹೇಳಿದರು. ಕಂಪನಿ ಮಾರುವುದೇ ಅಡುಗೆಮನೆಯಲ್ಲಿ ಆದ ಸರಕು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ, ನಡಾವಳಿ ಬರೆಯುತ್ತಿದ್ದೆ. ಮುಂದೆ ಎರಡು ತಿಂಗಳು ಎಳೆದಾಡಿ ಎರಡು ಸಣ್ಣ ಡ್ರೈಯರ್ ತಂದರು. ಒಂದು ಅಕ್ಕನ ಊರಿನ ಕಡೆಗೆ, ಇನ್ನೊಂದು ಸಿದ್ದಾಪುರ ರಸ್ತೆಯ ಒಂದು ಹಳ್ಳಿಗೆ. ಮೊದಲನೆಯದು ಆ ಹಂಗಾಮಿಡೀ ನಡೆಯಿತು. ಎರಡನೆಯದನ್ನು ನೋಡಿಕೊಳ್ಳಲು ಜನ ಇಲ್ಲದೆ ಅರ್ಧಕ್ಕೆ ನಿಂತಿತು. ಸಾಲ ಸಣ್ಣದಾಯಿತು, ಜಾಮೀನಿಗೆ ಅಕ್ಕ ಸಹಿ ಹಾಕಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಡಬ್ಬಿಯ ಕಥೆ ಹೇಳಿದಾಗೆಲ್ಲ ಕೇಳಿದವರು ‘ನೋಡಿ, ಹೆಂಗಸರು ಬಂದರೆ ಕಂಪನಿಗೆ ಲಾಭ’ ಎನ್ನುತ್ತಾರೆ. ಆಗಿರಬಹುದು. ಆದರೆ ಅಕ್ಕ ಆ ದಿನ ತಪ್ಪು ಹೇಳಿದ್ದರೂ ಆ ಕುರ್ಚಿ ಅವರದೇ. ಎರಡು ವರ್ಷ ಒಂದೂ ಮಾತಾಡದೆ ಚಹಾ ಕುಡಿದು ಹೋದ ನಿರ್ದೇಶಕರು ಅಲ್ಲಿ ಇದ್ದರು. ನೀವು ಯಾಕೆ ಇಲ್ಲಿದ್ದೀರಿ, ನಿಮ್ಮಿಂದ ಎಷ್ಟು ಲಾಭ ಎಂದು ಅವರನ್ನು ಯಾರೂ ಕೇಳಲಿಲ್ಲ ಅಲ್ವಾ?

ಸದಸ್ಯರ ಪುಸ್ತಕ

ಆ ಸಭೆ ಆದ ಮೇಲೆ ನನಗೆ ಒಂದು ಪ್ರಶ್ನೆ ಬಿಡದೆ ಕಾಡಿತು. ಮುರುಗಲು ಆರಿಸುವವರು, ಒಡೆಯುವವರು, ಒಣಗಿಸುವವರು ಹೆಂಗಸರು. ಹಪ್ಪಳ ಒತ್ತುವವರೂ ಅವರೇ. ಹಾಗಾದರೆ ಮಂಡಳಿಗೆ ನಿಲ್ಲಲು ಇನ್ನೊಬ್ಬ ಹೆಂಗಸು ಯಾಕೆ ಸಿಗಲಿಲ್ಲ? ಸದಸ್ಯರ ಪುಸ್ತಕ ತೆಗೆದು ಒಂದೊಂದೇ ಹೆಸರು ನೋಡಿದೆ. ನಾನೂರು ಚಿಲ್ಲರೆಯಲ್ಲಿ ಹೆಂಗಸರು ಮೂವತ್ತೂ ತುಂಬುವುದಿಲ್ಲ. ಅವರಲ್ಲೂ ಹೆಚ್ಚಿನವರು ಗಂಡ ತೀರಿಕೊಂಡ ಮೇಲೆ ಪಹಣಿಯಲ್ಲಿ ಹೆಸರು ಬಂದವರು. ನಿರ್ದೇಶಕರಾಗಲು ಸದಸ್ಯರಾಗಿರಬೇಕು. ಸದಸ್ಯರಾಗಲು ಕಂಪನಿಯ ಅರ್ಜಿ ಪಹಣಿ ಕೇಳುತ್ತದೆ. ಪಹಣಿ ಗಂಡಸಿನ ಹೆಸರಲ್ಲಿದೆ.

ಮಂಡಳಿಯ ಬಾಗಿಲು ಅಂತ ನಾವು ನೋಡುತ್ತಿದ್ದದ್ದು ಒಳಗಿನ ಬಾಗಿಲು. ಹೊರಗಿನದು ಇಲ್ಲಿ, ಈ ಒಂದು ಹಾಳೆಯ ಅರ್ಜಿಯಲ್ಲಿತ್ತು.

ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ದೇಶಕ್ಕೆಲ್ಲ 2005ರಲ್ಲಿ. ಆದರೂ ನಮ್ಮ ಕಡೆ ಮದುವೆಯಾದ ಮಗಳು ಹಕ್ಕು ಬಿಟ್ಟುಕೊಟ್ಟೆ ಎಂದು ಬರೆದುಕೊಡುವುದು ಈಗಲೂ ಸಾಮಾನ್ಯ. ಅಣ್ಣನ ಮನೆಯ ಬಾಗಿಲು ಮುಚ್ಚಬಾರದಲ್ಲ ಎಂಬ ಹೆದರಿಕೆ. ಅದು ಸರಿಯಾಗುವವರೆಗೆ ಕಂಪನಿ ಕಾಯಬೇಕಾ? ಬೇಡ. ಕಾಯ್ದೆಯನ್ನು ಓದಿದರೆ ಅಲ್ಲಿ ಪಹಣಿಯ ಮಾತೇ ಇಲ್ಲ. ಉತ್ಪಾದಕ ಎಂದರೆ ಪ್ರಾಥಮಿಕ ಉತ್ಪನ್ನಕ್ಕೆ ಸಂಬಂಧಪಟ್ಟ ಯಾವುದೇ ಕೆಲಸದಲ್ಲಿ ತೊಡಗಿದ ವ್ಯಕ್ತಿ. ಆ ಉತ್ಪನ್ನದಲ್ಲಿ ತೋಟಗಾರಿಕೆ, ಹೈನು, ಮೀನು, ಜೇನು, ಕಾಡಿನ ಉತ್ಪನ್ನ ಎಲ್ಲ ಬರುತ್ತದೆ. ಗುಡಿ ಕೈಗಾರಿಕೆಯವರೂ ಬರುತ್ತಾರೆ. ಅಂದರೆ ಹಪ್ಪಳ ಒತ್ತುವವರು ಉತ್ಪಾದಕರು. ಬೆಟ್ಟದಲ್ಲಿ ಉಪ್ಪಾಗೆ ಆರಿಸುವ, ಒಂದು ಗುಂಟೆಯೂ ಇಲ್ಲದವರು ಉತ್ಪಾದಕರು. ಘಟ್ಟದ ಕೆಳಗೆ ಕಾರವಾರ, ಅಂಕೋಲೆಯಲ್ಲಿ ಮೀನು ಒಣಗಿಸುವವರೂ ಹೌದು. ಕಂಪನಿಯ ನಿಯಮಾವಳಿಯಲ್ಲಿ ಕಾಯ್ದೆಯ ಮಾತೇ ಇತ್ತು. ಪಹಣಿ ಸೇರಿಕೊಂಡದ್ದು ಅರ್ಜಿಯಲ್ಲಿ ಮಾತ್ರ. ಯಾರೋ ಬೇರೆ ಸಂಘದ ಅರ್ಜಿ ನೋಡಿ ಟೈಪ್ ಮಾಡಿದ್ದರು. ಆ ಅರ್ಜಿಯನ್ನು ನಾನೂ ನೂರು ಸಲ ನೋಡಿದ್ದೆ.

ಅದನ್ನು ತೆಗೆಯಲು ಮಂಡಳಿಯ ಒಂದು ಠರಾವು ಸಾಕಿತ್ತು. ಆ ಠರಾವಿಗೆ ಮೂರು ಸಭೆ ಹಿಡಿಯಿತು. ‘ಒಂದು ಮನೆಗೆ ಎರಡು ಓಟು ಆಗ್ತದೆ’ ಎಂಬುದು ದೊಡ್ಡ ತಕರಾರು. ಸಣ್ಣ ಮಾತಲ್ಲ ಅದು. ಹಿಸೆಯಾಗದ ಮನೆಯಲ್ಲಿ ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆ ಅದರ ಹಿಂದೆ ಇದೆ. ಉತ್ತರ ಕೊಟ್ಟದ್ದು ಅಧ್ಯಕ್ಷರೇ, ಅದನ್ನು ಬರೆಯದಿದ್ದರೆ ತಪ್ಪಾಗುತ್ತದೆ. ‘ನಾನೂ ನನ್ನ ತಮ್ಮನೂ ಒಂದೇ ಮನೆ, ಒಂದೇ ಒಲೆ. ನಮ್ಮಿಬ್ಬರದು ಎರಡು ಓಟು ಉಂಟಲ್ಲ’ ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ‘ಅಡ್ಡಿಲ್ಲೆ, ಬರೀರಿ’ ಎಂದರು.

ಸಭೆ ಎಲ್ಲಿ, ಎಷ್ಟು ಹೊತ್ತಿಗೆ

ಒಂದು ಸಭೆಗೆ ಅಕ್ಕ ಬರಲಿಲ್ಲ. ಕಾರಣ ಹೇಳಿರಲಿಲ್ಲ. ‘ನೋಡಿ, ಉತ್ಸಾಹ ಇಷ್ಟೇ’ ಎಂದರು ಒಬ್ಬರು. ನಾನು ಫೋನ್ ಮಾಡಿದೆ, ಈ ಸಲ ಅವರದೇ ನಂಬರಿಗೆ. ಅಕ್ಕ ಸ್ವಲ್ಪ ತಡೆದು ‘ಬಪ್ಪಲಾಗ್ತಿಲ್ಲೆ ಮಾರಾಯ್ತಿ, ಸಭೆ ದೇವಸ್ಥಾನದಲ್ಲಿ ಅಲ್ದಾ’ ಎಂದರು. ನನಗೆ ತಕ್ಷಣ ಗೊತ್ತಾಯಿತು. ದೇವಸ್ಥಾನದ ಸಭಾಭವನ ಬಾಡಿಗೆ ಇಲ್ಲದೆ ಸಿಗುತ್ತದೆ, ಪಾರ್ಕಿಂಗಿಗೆ ಜಾಗ ಇದೆ ಎಂದು ಎಲ್ಲ ಸಭೆ ಅಲ್ಲೇ ಇಡುತ್ತಿದ್ದರು. ತಿಂಗಳಲ್ಲಿ ಮೂರು ನಾಲ್ಕು ದಿನ ಒಬ್ಬ ನಿರ್ದೇಶಕಿ ಆ ಮೆಟ್ಟಿಲು ಹತ್ತುವುದಿಲ್ಲ ಎಂಬುದು ಒಂಬತ್ತು ಜನರಿಗೂ ಹೊಳೆದಿರಲಿಲ್ಲ. ಅದನ್ನು ಅಕ್ಕ ಸಭೆಯಲ್ಲಿ ಎದ್ದು ನಿಂತು ಹೇಳಬೇಕಿತ್ತೇ? ಆ ರೂಢಿ ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ, ನನಗೆ ಅದರ ಬಗ್ಗೆ ನನ್ನದೇ ಅಭಿಪ್ರಾಯ ಇದೆ. ಕಂಪನಿಯ ಸಭೆಗೆ ಆ ಚರ್ಚೆ ಮುಗಿಯುವವರೆಗೆ ಕಾಯಲು ಆಗುವುದಿಲ್ಲ. ನಾನು ಕಾರಣ ಬರೆಯದೆ, ‘ಸಭೆಯನ್ನು ಗೋದಾಮಿನ ಮೇಲಿನ ಕೋಣೆಯಲ್ಲಿ ನಡೆಸುವುದು’ ಎಂದು ಅಜೆಂಡಾದಲ್ಲಿ ಹಾಕಿದೆ. ಯಾರೂ ಏನೂ ಕೇಳಲಿಲ್ಲ.

ಹೊತ್ತಿನದೂ ಹೀಗೇ. ಸಂಜೆ ಆರಕ್ಕೆ ಎಂದರೆ ಗಂಡಸರಿಗೆ ಪೇಟೆ ಕೆಲಸ ಮುಗಿದಿರುತ್ತದೆ. ಅಕ್ಕನಿಗೆ ಅದು ಹಾಲು ಕರೆಯುವ ಹೊತ್ತು, ಮತ್ತೆ ಊರಿಗೆ ಹೋಗುವ ಕೊನೆಯ ಬಸ್ಸು ಅಷ್ಟರಲ್ಲಿ ಹೊರಟಿರುತ್ತದೆ. ಈಗ ಸಭೆ ಮಧ್ಯಾಹ್ನ ಹನ್ನೆರಡಕ್ಕೆ. ನೋಟೀಸು ಏಳು ದಿನ ಮೊದಲು ಕೊಡಬೇಕು ಎಂದು ಕಾಯ್ದೆಯಲ್ಲೇ ಇದೆ. ಇವರು ಹಿಂದಿನ ರಾತ್ರಿ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು, ಆ ಗುಂಪಿನಲ್ಲಿ ಇದ್ದದ್ದು ಅಕ್ಕನ ಗಂಡ. ಈಗ ಏಳು ದಿನ ಮೊದಲೇ, ಕನ್ನಡದಲ್ಲಿ ಹೋಗುತ್ತದೆ. ಕನ್ನಡದಲ್ಲಿ ಕೊಡಲು ಶುರು ಮಾಡಿದ ಮೇಲೆ ಗಂಡಸು ನಿರ್ದೇಶಕರೂ ಲೆಕ್ಕದ ಬಗ್ಗೆ ಪ್ರಶ್ನೆ ಕೇಳತೊಡಗಿದರು. ಅದುವರೆಗೆ ಅವರಿಗೂ ಇಂಗ್ಲಿಷ್ ಬ್ಯಾಲೆನ್ಸ್ ಶೀಟು ಅರ್ಥವಾಗುತ್ತಿರಲಿಲ್ಲ ಎಂದು ನನಗೆ ಆಗ ತಿಳಿಯಿತು.

ಚುನಾವಣೆ

ಅರ್ಜಿ ಬದಲಾದ ಮೇಲೆ ಒಂದು ವರ್ಷದಲ್ಲಿ ಹೆಂಗಸು ಸದಸ್ಯರು ನೂರು ದಾಟಿದರು. ಹೊಸ ಮಂಡಳಿಗೆ ಅಕ್ಕನ ಜೊತೆ ಇನ್ನಿಬ್ಬರು ಬಂದರು. ಒಬ್ಬರು ಬೆಟ್ಟದ ಉತ್ಪನ್ನ ಆರಿಸುವವರು, ಸ್ವಂತ ಜಮೀನಿಲ್ಲ. ಇನ್ನೊಬ್ಬರು ಗ್ರಾಮ ಪಂಚಾಯ್ತಿಯಲ್ಲಿ ಐದು ವರ್ಷ ಸದಸ್ಯೆಯಾಗಿದ್ದವರು.

ಈ ಪಂಚಾಯ್ತಿಯವರು ಮೊದಲ ಸಭೆಯಲ್ಲಿ ಮಾಡಿದ್ದನ್ನು ನೋಡಿ ನನಗೆ ಖುಷಿಯಾಯಿತು. ಹಿಂದಿನ ನಡಾವಳಿ ಓದಿ ಹೇಳಿ ಎಂದರು. ಓದಿದ ಮೇಲೆ ‘ಇದರಲ್ಲಿ ಮೂರನೇ ಠರಾವು ಜಾರಿಯಾಗಿಲ್ಲ, ಯಾಕೆ’ ಎಂದರು. ಆ ಅಭ್ಯಾಸ ಎಲ್ಲಿಂದ ಬಂತು ಎಂಬುದಕ್ಕೆ ನಮ್ಮ ಜಿಲ್ಲೆಯದೇ ಒಂದು ಹಿನ್ನೆಲೆ ಇದೆ. ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿಯಾಗಿದ್ದಾಗ ಬಂದ 1983ರ ಕಾಯ್ದೆ ಹೆಂಗಸರಿಗೆ ಶೇಕಡಾ 25 ಸ್ಥಾನ ಇಟ್ಟಿತು. 1987ರಲ್ಲಿ ಆ ಚುನಾವಣೆ ನಡೆಯಿತು. ದೇಶಕ್ಕೆ ಮೂರನೇ ಒಂದು ಭಾಗದ ಮೀಸಲಾತಿ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ, ಸಂವಿಧಾನದ 73ನೇ ತಿದ್ದುಪಡಿಯಿಂದ. ಕರ್ನಾಟಕದಲ್ಲಿ ಅದು 2010ರಲ್ಲಿ ಅರ್ಧಕ್ಕೇರಿತು. ಅಲ್ಲೂ ಮೊದಲು ಗಂಡಂದಿರೇ ಸಭೆಗೆ ಬರುತ್ತಿದ್ದರು, ಈಗಲೂ ಕೆಲವು ಕಡೆ ಬರುತ್ತಾರೆ. ಆದರೂ ಮೂವತ್ತು ಚಿಲ್ಲರೆ ವರ್ಷದಲ್ಲಿ ನಡಾವಳಿ ಓದಲು ಬಲ್ಲ ಹೆಂಗಸರು ಪ್ರತಿ ಊರಲ್ಲೂ ಒಬ್ಬಿಬ್ಬರು ಆಗಿದ್ದಾರೆ. ಕಂಪನಿಗಳು ‘ಅರ್ಹ ಮಹಿಳೆ ಸಿಗುವುದಿಲ್ಲ’ ಎನ್ನುವಾಗ ಇವರನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಸಹಕಾರಿ ಸಂಘಗಳ ಎರಡು ಮಹಿಳಾ ಸ್ಥಾನಗಳಲ್ಲಿ ದುಡಿದವರೂ ಹೀಗೇ ಮರೆತುಹೋಗುತ್ತಾರೆ.

ಒಬ್ಬರು ಮೂವರಾದಾಗ ಆದ ವ್ಯತ್ಯಾಸ ನಾನು ನೋಡಿದ್ದೇನೆ. ಒಬ್ಬರೇ ಇದ್ದಾಗ ಅಕ್ಕ ಹೇಳಿದ್ದೆಲ್ಲ ‘ಹೆಂಗಸರ ಅಭಿಪ್ರಾಯ’ ಆಗುತ್ತಿತ್ತು. ಮೂವರಾದ ಮೇಲೆ ಅವರವರಲ್ಲೇ ಜಗಳ ಬಂತು. ಉಪ್ಪಾಗೆಗೆ ಕಿಲೋಕ್ಕೆ ಎಷ್ಟು ಕೊಡಬೇಕು ಎಂಬುದರಲ್ಲಿ ಅಕ್ಕ ಒಂದು ಕಡೆ, ಆರಿಸುವವರು ಇನ್ನೊಂದು ಕಡೆ. ಅಕ್ಕನಿಗೆ ತೋಟ ಇದೆ, ಅವರಿಗೆ ಇಲ್ಲ. ಆ ಜಗಳ ಜೋರಾಗಿಯೇ ನಡೆಯಿತು. ಗಂಡಸು ನಿರ್ದೇಶಕರು ಎರಡೂ ಕಡೆ ಹಂಚಿಹೋದರು. ಕೊನೆಗೆ ದರ ಸ್ವಲ್ಪ ಏರಿತು. ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಆ ಜಗಳ. ನಾರ್ವೆ 2003ರಲ್ಲಿ ಕಾನೂನು ಮಾಡಿ ದೊಡ್ಡ ಪಬ್ಲಿಕ್ ಕಂಪನಿಗಳ ಮಂಡಳಿಯಲ್ಲಿ ಶೇಕಡಾ 40 ಕೇಳಿತು, 2008ರ ಹೊತ್ತಿಗೆ ಅದನ್ನು ಕಟ್ಟುನಿಟ್ಟಾಗಿ ಜಾರಿ ಮಾಡಿತು. ಒಬ್ಬರು ಸಾಕು ಎನ್ನುವ ನಮ್ಮ ನಿಯಮ ಓದುವಾಗ ನನಗೆ ಆ 40 ನೆನಪಾಗುತ್ತದೆ. ಒಬ್ಬರನ್ನು ಕೂರಿಸಿದರೆ ಅವರು ಎಲ್ಲ ಹೆಂಗಸರ ಪರವಾಗಿ ಒಂದೇ ಮಾತು ಹೇಳಬೇಕಾಗುತ್ತದೆ. ಅದು ಯಾರಿಂದಲೂ ಆಗುವ ಕೆಲಸವಲ್ಲ.

ಆಗದೇ ಉಳಿದದ್ದು

ಅಧ್ಯಕ್ಷರು ಈಗಲೂ ಗಂಡಸೇ, ಅವರು ಒಳ್ಳೆಯವರೇ. ಪಂಚಾಯ್ತಿಯ ಅನುಭವದವರು ಅತ್ತೆಗೆ ಹುಷಾರಿಲ್ಲದೆ ಎರಡು ಸಭೆ ತಪ್ಪಿಸಿದರು, ಮೂರನೆಯದಕ್ಕೆ ರಾಜೀನಾಮೆ ಕಳಿಸಿದರು. ಮಂಡಳಿಯ ಗಂಡಸರಲ್ಲಿ ಇಬ್ಬರ ಮನೆಯಲ್ಲೂ ಹಾಸಿಗೆ ಹಿಡಿದ ಹಿರಿಯರಿದ್ದಾರೆ. ಅವರು ಒಂದು ಸಭೆಯನ್ನೂ ತಪ್ಪಿಸಿಲ್ಲ. ರಾಜೀನಾಮೆ ಒಪ್ಪಬೇಡಿ, ಮನೆಯಿಂದ ಫೋನಿನಲ್ಲಿ ಮಾತಾಡಲಿ ಎಂದು ನಾನು ಕೇಳಿಕೊಂಡೆ. ಅವರೇ ಬೇಡ ಎಂದರು. ಬೆಟ್ಟದ ಉತ್ಪನ್ನ ಆರಿಸುವವರಿಗೆ ಸಭೆಗೆ ಬಂದ ದಿನ ಕೂಲಿ ಹೋಗುತ್ತದೆ. ಸಭಾ ಭತ್ಯೆ ಆ ಕೂಲಿಯಷ್ಟೂ ಇಲ್ಲ. ಅದನ್ನು ಏರಿಸುವ ಮಾತು ಎರಡು ಸಲ ಬಂದು ಎರಡು ಸಲ ಬಿದ್ದುಹೋಗಿದೆ.

ನನ್ನ ಕಪಾಟಿನಲ್ಲಿದ್ದ ಪೆನ್‌ಡ್ರೈವುಗಳನ್ನು ನಾನು ಅವರವರಿಗೆ ಕೊಟ್ಟುಬಿಟ್ಟೆ, ಗಂಡಸರದೂ ಸೇರಿ. ಇದರಿಂದ ನನಗೆ ಕೆಲಸ ಜಾಸ್ತಿಯಾಗಿದೆ. ಫಾರ್ಮು ಕಳಿಸಬೇಕಾದಾಗ ಅಕ್ಕ ಬಸ್ಸಿಗೆ ಬಂದು, ಓದಿ, ತಾವೇ ಪಾಸ್‌ವರ್ಡ್ ಹಾಕಿ ಹೋಗುತ್ತಾರೆ. ಪಾಸ್‌ವರ್ಡನ್ನು ಕನ್ನಡಕದ ಡಬ್ಬಿಯೊಳಗೆ ಬರೆದಿಟ್ಟುಕೊಂಡಿದ್ದಾರೆ, ಅಲ್ಲಿ ಇಡಬೇಡಿ ಎಂದರೂ ಕೇಳುವುದಿಲ್ಲ. ಗಂಡ ಒಮ್ಮೊಮ್ಮೆ ಜೊತೆಗೆ ಬರುತ್ತಾರೆ. ಹೊರಗೆ ಬೆಂಚಿನ ಮೇಲೆ ಕೂತು ಪೇಪರ್ ಓದುತ್ತಾರೆ.

ಕಂಪನಿಯ ಬ್ಯಾಂಕ್ ಖಾತೆಗೆ ಸಹಿ ಮಾಡುವವರು ಮಾತ್ರ ಮೊದಲಿಂದಲೂ ಅದೇ ಇಬ್ಬರು ಗಂಡಸರು. ಅದನ್ನು ಬದಲಿಸಿ, ಮೂವರಲ್ಲಿ ಯಾರಾದರೂ ಇಬ್ಬರು ಎಂದು ಮಾಡಿ, ಮೂರನೆಯವರಾಗಿ ಅಕ್ಕನನ್ನು ಸೇರಿಸಬೇಕೆಂಬ ಪ್ರಸ್ತಾಪ ಬಂದಿದೆ. ತಂದವರು ಅಕ್ಕ ಅಲ್ಲ, ಮುರುಗಲ ಡಬ್ಬಿಯನ್ನು ಮೂಸಿ ನೋಡಿದ್ದ ಹಿರಿಯ ನಿರ್ದೇಶಕರೊಬ್ಬರು. ಮುಂದಿನ ಸಭೆಯ ಅಜೆಂಡಾದಲ್ಲಿ ಅದು ಐದನೇ ವಿಷಯ. ನೋಟೀಸನ್ನು ನಿನ್ನೆ ಹತ್ತೂ ಜನರಿಗೆ ಕಳಿಸಿದ್ದೇನೆ, ರಾಜೀನಾಮೆ ಕೊಟ್ಟವರ ಜಾಗಕ್ಕೆ ಬಂದ ಹೊಸಬರಿಗೂ ಸೇರಿ.